ಬಾಗಿಲಿಲ್ಲದ ಕೋಣೆಯಲ್ಲಿ ಆರ್ವಿಲ್ ಬ್ರೆಕ್ಕಿ

ನಮ್ಮ ನಾರ್ಡೆನ್ ಊರಿನ ಜೈಲಿಗೆ ನನಗಿಂತ ಹೆಚ್ಚು ವಯಸ್ಸು. ನನಗಾದರೂ ಒಂದು ಮಂಡಿ ಬದಲಾಯಿಸಿದ್ದಾರೆ. ಜೈಲಿಗೆ ಯಾರೂ ಏನೂ ಮಾಡಿರಲಿಲ್ಲ. ಹಿಮ ಕರಗುವ ಕಾಲಕ್ಕೆ ನೆಲಮಾಳಿಗೆಯಲ್ಲಿ ನೀರು ನಿಲ್ಲುತ್ತಿತ್ತು. ಸೋರುವ ಕಡೆಗೆಲ್ಲ, ಜೈಲಿನ ಉಸ್ತುವಾರಿ ಹೊತ್ತ ಪೊಲೀಸ್ ಮುಖ್ಯಸ್ಥೆ ಷೆರಿಫ್ ಬ್ರೆಂಡಾ ಐಸ್‌ಕ್ರೀಮಿನ ಖಾಲಿ ಡಬ್ಬಿಗಳನ್ನು ಇಟ್ಟಿದ್ದಳು. ಊರಿನ ಹೆಂಗಸರೇ ಅವನ್ನು ತೊಳೆದು, ಒರೆಸಿ, ಮುಚ್ಚಳದ ಸಮೇತ ತಂದು ಕೊಡುತ್ತಿದ್ದರು. ಮುಚ್ಚಳ ಯಾಕೆ ಎಂದು ಬ್ರೆಂಡಾ ಒಂದು ದಿನವೂ ಕೇಳಲಿಲ್ಲ.

ಹಾಗಾಗಿ ಹೊಸ ಜೈಲು ಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಎದ್ದದ್ದು ಒಂದು ಪದದ ಮೇಲೆ. ನಕ್ಷೆಯ ಪೂರ್ವದ ಮೂಲೆಯಲ್ಲಿ, ಕಿಟಕಿಯಿರುವ ನಾಲ್ಕು ಕೋಣೆಗಳ ಮೇಲೆ 'ನಡವಳಿಕೆ ಆರೋಗ್ಯ ವಿಭಾಗ' ಎಂದು ಬರೆದಿತ್ತು.

"ನಡವಳಿಕೆ ಕಲಿಸೋಕೆ ನಾಲ್ಕು ಕೋಣೆ ಬೇಕೇನ್ರಿ?" ಎಂದು ನಮ್ಮ ಜಿಲ್ಲೆಯ, ಅಂದರೆ ಕೌಂಟಿಯ, ಆಡಳಿತ ಮಂಡಳಿಯ ಸಭೆಯಲ್ಲಿ ಆರ್ವಿಲ್ ಬ್ರೆಕ್ಕಿ ಕೇಳಿದ. "ನಮ್ಮಮ್ಮ ಏಳು ಮಕ್ಕಳಿಗೆ ಒಂದೇ ಅಡುಗೆಮನೇಲಿ ಕಲಿಸಿದ್ಲು. ಒಂದೇ ಸೌಟಲ್ಲಿ."

ಸಭೆ ನಕ್ಕಿತು. ಆರ್ವಿಲ್ ಹಂದಿ ಸಾಕುವವನು, ಮಂಡಳಿಯ ಐವರು ಸದಸ್ಯರಲ್ಲಿ ಎಲ್ಲರಿಗಿಂತ ಹಳಬ.

"ಅದು ಮನಸ್ಸಿನ ಕಾಯಿಲೆ ಇರೋರಿಗೆ, ಆರ್ವಿಲ್," ಎಂದಳು ಬ್ರೆಂಡಾ. "ನರ್ಸ್ ಇರ್ತಾರೆ. ಡಾಕ್ಟರು ಬಂದು ನೋಡ್ತಾರೆ."

"ಹಾಗಂತಲೇ ಬರೀಬೇಕಿತ್ತು."

"ಹಾಗೆ ಬರೆದ್ರೆ ಜನಕ್ಕೆ ಬೇಜಾರಾಗುತ್ತೆ ಅಂತ ಹೀಗೆ ಬರೆದಿದ್ದಾರೆ."

"ಈಗ ನಂಗೆ ಬೇಜಾರಾಗಿದೆ," ಎಂದ ಆರ್ವಿಲ್. "ಹಿಮ ತಳ್ಳೋ ಲಾರಿಗಳು ಚಳಿಗಾಲ ಪೂರ್ತಿ ಬಯಲಲ್ಲಿ ನಿಂತಿರ್ತವೆ. ಬೆಳಿಗ್ಗೆ ಎಂಜಿನ್ ಹತ್ತಲ್ಲ. ಆ ಮೂಲೇಲಿ ಅವಕ್ಕೊಂದು ಶೆಡ್ ಕಟ್ಟಿ."

ಈ ಮಾತನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಐವರಲ್ಲಿ ಅಧ್ಯಕ್ಷ ಗೇಲನ್ ಟ್ವೆಟ್ ಮತ್ತು ಇನ್ನೊಬ್ಬರು ಆ ಕೋಣೆಗಳ ಪರವಾಗಿದ್ದರು. ಉಳಿದ ಇಬ್ಬರು, ಆರ್ವಿಲ್ ಕೆಮ್ಮಿದರೆ ತಾವು ಕರವಸ್ತ್ರ ತೆಗೆಯುವವರು. ಅವನು ಎತ್ತ ವಾಲಿದರೆ ಹೊಸ ಜೈಲು ಅತ್ತ ವಾಲುತ್ತಿತ್ತು.

ನನ್ನ ಪಕ್ಕದಲ್ಲಿ ಮಾರ್ಲಿಸ್ ಎಂಗೆನ್ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ನನ್ನ ಬೇಲಿಯ ಆಚೆಯ ಮನೆಯವಳು. ಅವಳ ಮಗ ಕರ್ಟಿಸ್‌ಗೆ ನಲವತ್ತು ದಾಟಿದೆ. ಊರಿನಲ್ಲಿ ಅವನಷ್ಟು ಸಾಧು ಇನ್ನೊಬ್ಬನಿಲ್ಲ. ಆದರೆ ವರ್ಷಕ್ಕೊಮ್ಮೆ, ಕೆಲವು ವರ್ಷ ಎರಡು ಸಲ, ಮಾತ್ರೆ ಅವನ ಕೈಬಿಡುತ್ತದೆ. ಆಗ ಅವನಿಗೆ ದನಿಗಳು ಕೇಳಿಸುತ್ತವೆ. ಯಾರದೋ ಕೊಟ್ಟಿಗೆಗೆ ಹೋಗಿ ಹಸುಗಳಿಗೆ ಎಚ್ಚರಿಕೆ ಹೇಳುತ್ತಾನೆ. ಏನೆಂದು ಎಚ್ಚರಿಸುತ್ತಾನೋ ಹಸುಗಳಿಗೇ ಗೊತ್ತು. ಕೆಲವು ರೈತರು ಮಾರ್ಲಿಸ್‌ಗೆ ಫೋನ್ ಮಾಡುತ್ತಾರೆ, ಕೆಲವರು ಷೆರಿಫ್‌ಗೆ. ಹಾಸಿಗೆ ಸಿಗುವ ಆಸ್ಪತ್ರೆ ಇರುವುದು ರಾಜ್ಯದ ಇನ್ನೊಂದು ತುದಿಯಲ್ಲಿ, ಅಲ್ಲೂ ಹಾಸಿಗೆ ಖಾಲಿಯಾಗುವವರೆಗೆ ಕಾಯಬೇಕು. ಕಾಯುವುದು ಜೈಲಿನ ನೆಲಮಾಳಿಗೆಯಲ್ಲಿ. ಅಲ್ಲಿ ಕಿಟಕಿಯಿಲ್ಲ, ದೀಪ ಆರಿಸುವುದಿಲ್ಲ. ಹಿಂದಿನ ಚಳಿಗಾಲದಲ್ಲಿ ಒಳಗೆ ಹೋದವನು ಕೆರೆಯ ಮಂಜುಗಡ್ಡೆ ಒಡೆಯುವವರೆಗೂ ಅಲ್ಲೇ ಇದ್ದ. ಮನೆಗೆ ಬಂದ ಮೇಲೆ ವಸಂತದಲ್ಲಿ ಬೇಲಿಯ ಲೈಲಾಕ್ ಗಿಡ ನೀಲಿ ಹೂ ಬಿಡುವ ತನಕ ಮಾತಾಡಲಿಲ್ಲ.

ಮಾರ್ಲಿಸ್ ಬಯಸಿದ್ದು ಇಷ್ಟೇ: ಮುಂದಿನ ಸಲ ಅವನಿಗೆ ಒಂದು ಕಿಟಕಿ, ಒಬ್ಬ ನರ್ಸ್.

ಸಾರ್ವಜನಿಕರು ಮಾತಾಡುವ ಸರದಿ ಬಂದಾಗ ಅವಳು ಎದ್ದು ನಿಂತಳು. ತಲೆಗೆ ಮೂರು ನಿಮಿಷ. ಮಂಡಳಿಗೆ ಧನ್ಯವಾದ ಹೇಳಿದಳು, ಷೆರಿಫ್‌ಗೆ ಹೇಳಿದಳು, ಹೋದ ವಾರ ಅವಳ ಮನೆ ಮುಂದಿನ ಗುಂಡಿ ಮುಚ್ಚಿಸಿದ ರಸ್ತೆ ಇಲಾಖೆಗೆ ಹೇಳಿದಳು, ಕಾಫಿ ಮಾಡಿದವರಿಗೂ ಹೇಳಿದಳು. "ನನ್ನ ಮಗ..." ಎನ್ನುವಾಗ ಗಂಟೆ ಹೊಡೆಯಿತು. "ಅಯ್ಯೋ, ಕ್ಷಮಿಸಿ," ಎಂದು ಕೂತುಬಿಟ್ಟಳು. ಗೇಲನ್ ಗಂಟೆಯನ್ನು ಅಂಗೈಯಿಂದ ಮುಚ್ಚಿ, ಇನ್ನೂ ಮಾತಾಡು ಎಂಬಂತೆ ಅವಳ ಕಡೆ ನೋಡಿದ. ಅವಳು ನೋಡಲಿಲ್ಲ.

ಜನಕ್ಕೆ ಜೈಲು ಹೇಗಿರುತ್ತದೆಂದು ಕಾಣಲಿ ಎಂದು ಆರ್ಕಿಟೆಕ್ಟ್ ಹುಡುಗ ಒಂದು ಉಪಾಯ ಹೇಳಿದ. ವರ್ಷಕ್ಕೊಮ್ಮೆ ರೈತರ ಮೇಳ ನಡೆಯುವ ಮೈದಾನದಲ್ಲಿ ಹಂದಿಗಳ ಕೊಟ್ಟಿಗೆಯಿದೆಯಲ್ಲ, ದೊಡ್ಡ ಸಿಮೆಂಟ್ ನೆಲದ್ದು. ಮೇಳ ಇಲ್ಲದಾಗ ಖಾಲಿ. ಅಲ್ಲಿ ನಿಜವಾದ ಅಳತೆಯಲ್ಲೇ ನೀಲಿ ಟೇಪ್ ಅಂಟಿಸಿ ಗೋಡೆಗಳನ್ನೆಲ್ಲ ಗುರುತು ಮಾಡುತ್ತೇನೆ, ಶನಿವಾರ ಎಲ್ಲರೂ ಬಂದು ಓಡಾಡಿ ನೋಡಲಿ ಎಂದ.

"ಜನ ಗೋಡೆ ದಾಟಿ ದಾಟಿ ಹೋದ್ರೆ ಏನು ನೋಡಿದ ಹಾಗಾಯ್ತು?" ಎಂದ ಆರ್ವಿಲ್. "ಬಾಗಿಲಿಂದಲೇ ಓಡಾಡಬೇಕು. ಟೇಪ್ ಮುಟ್ಟಬಾರದು. ನಕ್ಷೇಲಿ ಏನು ಬದಲಾವಣೆಯಾದ್ರೂ ಮಂಡಳಿ ಮತ ಹಾಕೇ ಆಗಬೇಕು. ಇದು ನನ್ನ ಸೂಚನೆ."

ಸೂಚನೆಗೆ ಐದೂ ಕೈ ಎದ್ದವು. ನಮ್ಮ ಊರಿನಲ್ಲಿ ಯಾರಿಗೂ ನೋವಾಗದ ನಿಯಮಕ್ಕೆ ಯಾರೂ ಬೇಡ ಎನ್ನುವುದಿಲ್ಲ.

ಶನಿವಾರ ನಾನು ಬೇಗ ಹೋದೆ, ಕಾಫಿಯ ಜವಾಬ್ದಾರಿ ನನ್ನದಾದ್ದರಿಂದ. ಆರ್ವಿಲ್ ಇನ್ನೂ ಬೇಗ ಬಂದಿದ್ದ, ರೈತನಾದ್ದರಿಂದ. ಪೂರ್ವದ ಮೂಲೆಯಲ್ಲಿ ಹುಲ್ಲಿನ ಕಟ್ಟೊಂದನ್ನು ಎಳೆದುಕೊಂಡು, ಲಾರಿ ಎಷ್ಟು ಹಿಡಿಸೀತೆಂದು ಕಣ್ಣಲ್ಲೇ ಅಳೆಯುತ್ತ ಕೂತಿದ್ದ. ಆರ್ಕಿಟೆಕ್ಟ್ ಹುಡುಗ ಮಂಡಿಗೆ ಪಟ್ಟಿ ಕಟ್ಟಿಕೊಂಡು ಅವನ ಸುತ್ತ ತೆವಳುತ್ತ ಟೇಪ್ ಅಂಟಿಸುತ್ತಿದ್ದ.

"ನನ್ನ ಪಾಡಿಗೆ ನಾನು ಕೂತಿರ್ತೀನಿ ಮಗು, ನೀನು ನಿನ್ನ ಕೆಲಸ ನೋಡು," ಎಂದ ಆರ್ವಿಲ್.

ಹುಡುಗ ಹಾಗೇ ಮಾಡಿದ. ಅವನ ಪದ್ಧತಿಯೇನೆಂದರೆ, ಮೊದಲು ಗೋಡೆಗಳನ್ನು ಒಂದೇ ಸಮನೆ ಅಂಟಿಸಿ, ಆಮೇಲೆ ಬಾಗಿಲಿರುವ ಕಡೆ ಟೇಪ್ ಕತ್ತರಿಸಿ ತೆಗೆಯುವುದು. ಪೂರ್ವದ ಮೂಲೆಯ ಕೋಣೆಯ ಬಾಗಿಲು ಬರಬೇಕಾದ ಜಾಗದಲ್ಲಿ ಸರಿಯಾಗಿ ಆರ್ವಿಲ್‌ನ ಬೂಟುಗಳಿದ್ದವು. ಕಾಲು ತೆಗೀರಿ ಎನ್ನಲು ಹುಡುಗನಿಗೆ ಸಂಕೋಚ. ಸ್ವಲ್ಪ ಹೊತ್ತು ಕತ್ತರಿ ಹಿಡಿದು ನಿಂತ. ಆರ್ವಿಲ್ ಅವನನ್ನು ನೋಡಿ ನಕ್ಕ, ಹುಡುಗನೂ ನಕ್ಕು ಮುಂದಿನ ಕೋಣೆಗೆ ಹೋದ. ಅಷ್ಟರಲ್ಲಿ ಪಕ್ಕದ ಕೌಂಟಿಯಿಂದ ಫೋನ್ ಬಂತು. "ಮಧ್ಯಾಹ್ನಕ್ಕೆ ಬಂದುಬಿಡ್ತೀನಿ ಮಿಸೆಸ್ ಹೌಗೆನ್," ಎಂದು ನನಗೆ ಹೇಳಿ ಹೊರಟುಹೋದ.

ಹತ್ತು ಗಂಟೆಯ ಹೊತ್ತಿಗೆ ಜನ ತುಂಬಿಕೊಂಡರು. ನಮ್ಮ ಜನ ನಿಯಮ ಪಾಲಿಸುವುದನ್ನು ನೋಡಬೇಕು. ನೆಲದ ಮೇಲಿನ ಟೇಪನ್ನು ಒಬ್ಬರೂ ದಾಟಲಿಲ್ಲ. ಭೇಟಿ ಕೋಣೆಯಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ ಬಾಗಿಲು ಎಲ್ಲಿತ್ತೆಂದು ಮರೆತು ಗೋಡೆಗುಂಟ ಸುತ್ತುತ್ತಿದ್ದರು. ಚರ್ಚಿನ ಆರ್ಗನ್ ನುಡಿಸುವ ಹೆಂಗಸು ಷೆರಿಫ್‌ಳ ಕೋಣೆಯ ಮುಂದೆ ನಿಂತು ಗಾಳಿಯಲ್ಲಿ ಬಾಗಿಲು ತಟ್ಟಿದಳು. ಬ್ರೆಂಡಾ ಒಳಗಿನಿಂದ "ಬನ್ನಿ, ತೆಗೆದೇ ಇದೆ" ಎಂದಳು.

ಆರ್ವಿಲ್ ಮನೆಯಿಂದ ತಂದಿದ್ದ ಫ್ಲಾಸ್ಕಿನ ಕಾಫಿಯನ್ನು ಅಷ್ಟರಲ್ಲಿ ಮುಗಿಸಿದ್ದ. ಎದ್ದ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ನಿಂತಲ್ಲೇ ಒಂದು ಸುತ್ತು ತಿರುಗಿದ.

"ಆರ್ಲೀನ್," ಎಂದು ನನ್ನನ್ನು ಮೆಲ್ಲಗೆ ಕರೆದ. "ಇದಕ್ಕೆ ಬಾಗಿಲೆಲ್ಲಿ?"

ನಾನು ಕನ್ನಡಕ ಸರಿಮಾಡಿಕೊಂಡು ಸುತ್ತ ನೋಡಿದೆ. "ಕಾಣಿಸ್ತಿಲ್ಲ ಕಣೋ. ದಾಟಿ ಬಾ, ಯಾರು ಏನಂತಾರೆ?"

"ದಾಟೋದಾ? ನಿಯಮ ಮಾಡಿದೋನು ನಾನು!"

"ಹಾಗಾದ್ರೆ ಟೇಪ್ ಕೀಳು."

"ಮುಟ್ಟಬಾರದು ಅಂದೋನೂ ನಾನೇ."

ನಾನು ಗೇಲನ್‌ನನ್ನು ಕರೆತಂದೆ. ಏಳನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಅಧ್ಯಕ್ಷನಾದರೂ ನನ್ನ ಮುಂದೆ ಮಾತಾಡುವಾಗ ಈಗಲೂ ಅವನ ಬಲಗೈ ಅರ್ಧ ಮೇಲೇಳುತ್ತದೆ. ಅವನು ಟೇಪಿನ ಈಚೆ ನಿಂತು ಗಲ್ಲ ಕೆರೆದುಕೊಂಡ. "ಬಾಗಿಲು ಹಾಕೋದು ನಕ್ಷೆ ಬದಲಾವಣೆ ಆಗುತ್ತೆ ಆರ್ವಿಲ್. ಮತಕ್ಕೆ ಹಾಕ್ಬೇಕು."

"ಹಾಕು ಮತ್ತೆ! ನಾನಿದೀನಿ, ನೀನಿದೀಯ, ಅಗೋ ಅಲ್ಲಿ ಲಾಯ್ಡ್ ಬರ್ತಿದಾನೆ."

"ಲಾಯ್ಡ್, ಬರ್ಬೇಡ! ಅಲ್ಲೇ ನಿಲ್ಲು!" ಎಂದು ಗೇಲನ್ ಎರಡೂ ಕೈ ಎತ್ತಿ ಕೂಗಿದ. ಮಂಡಳಿಯ ಮೂವರು ಸೇರಿ ಕೌಂಟಿಯ ವಿಷಯ ಮಾತಾಡಿದರೆ ಕಾನೂನಿನ ಪ್ರಕಾರ ಅದು ಸಭೆ. ಸಭೆಯಾದರೆ ಮೂರು ದಿನ ಮುಂಚೆ ನೋಟೀಸು ಅಂಟಿಸಬೇಕು. ಅದಕ್ಕೇ ನಮ್ಮ ಸದಸ್ಯರು ಮದುವೆಗಳಲ್ಲೂ ಬೇರೆ ಬೇರೆ ಮೇಜಿಗೆ ಕೂರುವವರು. ಲಾಯ್ಡ್ ಕೈಯಲ್ಲಿ ಕಾಫಿ ಲೋಟ ಹಿಡಿದು, ಅಪರಾಧ ಮಾಡಿದವನ ಹಾಗೆ ಹಿಂದಕ್ಕೆ ನಡೆದು ಅಡುಗೆ ವಿಭಾಗದಲ್ಲಿ ಮರೆಯಾದ. ಮರೆಯಾಗಲು ಅಲ್ಲಿ ಗೋಡೆಯೇನೂ ಇರಲಿಲ್ಲ. ಬೆನ್ನು ತಿರುಗಿಸಿ ನಿಂತ, ಅಷ್ಟೆ.

"ಮಂಗಳವಾರದ ಸಭೇಲಿ ಮೊದಲನೇ ವಿಷಯವಾಗಿ ತಗೊಳ್ತೀನಿ," ಎಂದು ಗೇಲನ್ ಸಮಾಧಾನ ಹೇಳಿ ಹೋದ.

ಆರ್ವಿಲ್ ಹುಲ್ಲಿನ ಕಟ್ಟಿನ ಮೇಲೆ ಕೂತ. ಎದ್ದ. ಮತ್ತೆ ಕೂತು ಕಾಲಮೇಲೆ ಕಾಲು ಹಾಕಿಕೊಂಡ. ಜನ ಟೇಪಿನಾಚೆ ಗುಂಪುಗೂಡಿ, ಬಹುಮಾನ ಬಂದ ಹಂದಿಯನ್ನು ನೋಡುವ ಹಾಗೆ ಅವನನ್ನು ನೋಡಿದರು.

"ಅಮ್ಮಾ, ಆ ತಾತ ಏನು ಮಾಡಿದ್ರು?" ಎಂದಿತು ಒಂದು ಮಗು.

"ಶ್, ಹಾಗೆಲ್ಲ ನೋಡ್ಬಾರದು, ಬಾ."

ಅವನ ಜೊತೆ ಓದಿದ್ದ ಅಂಗಡಿಯ ಹ್ಯಾರ್ಲನ್ ಬಂದು ಬಗ್ಗಿ, ಕಿವುಡರಿಗೆ ಹೇಳುವಂತೆ, "ಹೇಗಿದೀಯ ಆರ್ವಿಲ್? ಎಲ್ಲಾ ಸರಿಹೋಗುತ್ತೆ, ಹಾಂ?" ಎಂದ.

"ನಂಗೇನಾಗಿದೆ ಸರಿಹೋಗೋಕೆ? ಸರಿಯಾಗೇ ಇದೀನಿ!"

"ಹೂಂ, ಹೂಂ. ಸರಿಯಾಗೇ ಇದೀಯ," ಎಂದು ಹ್ಯಾರ್ಲನ್ ಒಂದು ಹೆಜ್ಜೆ ಹಿಂದೆ ಸರಿದ.

"ನಂಗೇನೂ ಆಗಿಲ್ಲ ಅಂತಿದೀನಲ್ಲ!" ಆರ್ವಿಲ್ ಎದ್ದು ನಿಂತು ಕೂಗಿದ. ಕೂಗಿದಷ್ಟೂ ಜನ ದೂರ ಸರಿದರು. ಒಬ್ಬಳು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದಳು. ಆರ್ವಿಲ್ ಅದನ್ನು ನೋಡಿದ. ಕೆಂಪಾಗಿದ್ದ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಆಮೇಲೆ ಅವನು ಕೂಗಲಿಲ್ಲ.

ಮಾರ್ಲಿಸ್ ರುಬಾರ್ಬ್ ಎಂಬ ಹುಳಿ ದಂಟು ಹಾಕಿ ಬೇಯಿಸಿದ ಸಿಹಿ ತುಂಡುಗಳ ತಟ್ಟೆ ಹಿಡಿದು ಟೇಪಿನ ಹತ್ತಿರ ಹೋದಳು. ತನ್ನ ಮಗನ ಕಿಟಕಿಯನ್ನು ಲಾರಿಗೆ ಕೊಡಲು ಹೊರಟ ಮನುಷ್ಯನಿಗೆ, ಅಂಚಿನ ಗಟ್ಟಿ ತುಂಡು ಬಿಟ್ಟು ನಡುವಿನ ಮೆತ್ತನೆಯದನ್ನು ಆರಿಸಿ ಮುಂದೆ ಹಿಡಿದಳು.

"ತಗೋ ಆರ್ವಿಲ್."

"ಬೇಡ, ಬೇಡ."

"ಒಂದೇ ಒಂದು."

"ಬೇಡ ಮಾರ್ಲಿಸ್, ಹೊಟ್ಟೆ ತುಂಬಿದೆ."

ಮೂರನೇ ಸಲ ಕೇಳಿದಾಗ ಹೂಂ ಎನ್ನುವುದು ನಮ್ಮಲ್ಲಿ ವಾಡಿಕೆ. ಆದರೆ ಅಷ್ಟರಲ್ಲಿ ಯಾರೋ ಮಾರ್ಲಿಸ್‌ಳನ್ನು ಕರೆದರು, ಅವಳು ಆ ಕಡೆ ಹೋದಳು. ಆರ್ವಿಲ್ ತಟ್ಟೆ ಹೋದ ದಿಕ್ಕನ್ನೇ ನೋಡುತ್ತ ನಿಂತ. ನನಗೆ ನಗು ಬಂತು, ಪಾಪ ಎಂದೂ ಅನ್ನಿಸಿತು.

ಕರ್ಟಿಸ್ ಬಂದದ್ದು ಆಗ. ಜನ ಜಾಸ್ತಿ ಇರುವ ಕಡೆ ಅವನು ಬರುವುದಿಲ್ಲ. ಅಮ್ಮನಿಗೆ ತಟ್ಟೆಗಳನ್ನು ಎತ್ತಿಕೊಡಲು ಬಂದವನು, ಕೊಟ್ಟಿಗೆಯ ಗೋಡೆಗುಂಟ ನಡೆದು, ಬಾಗಿಲುಗಳಿಂದಲೇ ಹಾದು, ಪೂರ್ವದ ಮೂಲೆಗೆ ಬಂದು ನಿಂತ. ಟೇಪನ್ನು ಸುತ್ತಲೂ ನೋಡಿದ. ಆಮೇಲೆ ಆರ್ವಿಲ್‌ನನ್ನು ನೋಡಿದ.

"ಬಾಗಿಲಿಲ್ಲ," ಎಂದ.

"ಇಲ್ಲ."

ಕರ್ಟಿಸ್ ಟೇಪಿನ ಹೊರಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತ. "ಒಂದಕ್ಕೆ ಹೋಗ್ಬೇಕಾ ಮಿಸ್ಟರ್ ಬ್ರೆಕ್ಕಿ?" ಎಂದು ಕೇಳಿದ.

ಆರ್ವಿಲ್ ಸುತ್ತ ನೋಡಿ ದನಿ ತಗ್ಗಿಸಿದ. "ಹೂಂ ಕಣೋ. ಆಗಲಿಂದ."

"ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ. ಹೇಗಿದೀಯ ಅಂತಾರೆ."

"ಚೆನ್ನಾಗಿದೀನಿ ಅಂತೀರಿ."

"ಮತ್ತೇನನ್ನಲಿ?"

"ನಾನೂ ಹಾಗೇ ಅಂತೀನಿ," ಎಂದ ಕರ್ಟಿಸ್. "ಜೈಲಿನ ಕೆಳಗಡೆ ಇರುವಾಗ. ಕಾವಲಿನ ಡುವೇನ್ ಡ್ಯೂಟಿ ಇದ್ರೆ ಕುರ್ಚಿ ಹಾಕ್ಕೊಂಡು ಹೊರಗೆ ಕೂತಿರ್ತಾನೆ. ಪದಬಂಧ ಬಿಡಿಸ್ತಾನೆ, ಗೊತ್ತಿರೋದನ್ನೂ ನನ್ನ ಕೇಳ್ತಾನೆ. ಅವನಿದ್ರೆ ಹಗಲು ಯಾವುದು ಅಂತ ಗೊತ್ತಾಗುತ್ತೆ."

ಆರ್ವಿಲ್ ಮತ್ತೆ ಹುಲ್ಲಿನ ಕಟ್ಟಿನ ಮೇಲೆ ಕೂತ. ಕಾಲಮೇಲೆ ಕಾಲು ಬಿಗಿಯಾಗಿ ಹಾಕಿಕೊಂಡ.

"ನಾನು ಬಾಗಿಲು ಮಾಡ್ಲಾ?" ಎಂದ ಕರ್ಟಿಸ್. ಹೇಳಿದ ಕೂಡಲೇ ಅವನ ಮುಖ ಚಿಕ್ಕದಾಯಿತು. ಬೇರೆಯವರ ಕೊಟ್ಟಿಗೆ, ಬೇರೆಯವರ ವಸ್ತು: ಅವನ ಮೇಲಿನ ದೂರುಗಳೆಲ್ಲ ಅವೇ. ತಿರುಗಿ ಬ್ರೆಂಡಾಳ ಕಡೆ ನೋಡಿದ. "ಮುಟ್ಟಬಾರದು ಅಂತ ಬೋರ್ಡಿದೆ."

ಷೆರಿಫ್ ಬ್ರೆಂಡಾ ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ಕೊಟ್ಟಿಗೆಯ ಮಾಡನ್ನು ನೋಡತೊಡಗಿದಳು. "ಮಿಸೆಸ್ ಹೌಗೆನ್, ಅಲ್ಲಿ ಮೇಲೆ ಪಾರಿವಾಳ ಗೂಡು ಕಟ್ಟಿದೆ ನೋಡಿದ್ರಾ?"

"ಎಲ್ಲಮ್ಮ?" ಎಂದು ನಾನೂ ತಲೆಯೆತ್ತಿದೆ.

"ಅಲ್ಲೇ. ಚೆನ್ನಾಗಿ ನೋಡಿ. ಅಷ್ಟು ಬೇಗ ಕಾಣಿಸಲ್ಲ."

ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ತಲೆಯೆತ್ತಿದರು. ಅಡುಗೆ ವಿಭಾಗದಲ್ಲಿ ಲಾಯ್ಡ್ ಕೂಡ. ಕೊಟ್ಟಿಗೆ ತುಂಬಿದ ಜನ ಇಲ್ಲದ ಗೂಡೊಂದನ್ನು ನೋಡುತ್ತ ನಿಂತಿರುವಾಗ, ಟೇಪ್ ಸಿಮೆಂಟು ಬಿಡುವ ಸದ್ದು ಕೇಳಿತು, ಉದ್ದಕ್ಕೆ, ಮೆತ್ತಗೆ. ನಾನು ಕಳ್ಳಗಣ್ಣಿನಿಂದ ನೋಡಿದೆ. ಕರ್ಟಿಸ್ ಒಂದು ಬಾಗಿಲಿನಷ್ಟೇ ಅಗಲ ಬಿಡಿಸಿ, ಕಿತ್ತ ಟೇಪನ್ನು ಹರಿಯದೆ ಮಡಿಚಿ, ಗೋಡೆಯ ಪಕ್ಕಕ್ಕೆ ಅಂಟಿಸಿದ್ದ. ತೆರೆದಿಟ್ಟ ಕದದ ಹಾಗೆ ಕಾಣುತ್ತಿತ್ತು.

"ಬರಬಹುದು," ಎಂದ. "ಈಗಲೇ ಬೇಡ ಅಂದ್ರೂ ಪರವಾಗಿಲ್ಲ."

ಆರ್ವಿಲ್‌ಗೆ ಈಗಲೇ ಬೇಕಾಗಿತ್ತು. ಎಪ್ಪತ್ತು ದಾಟಿದ ಮನುಷ್ಯ ಅಷ್ಟು ಬೇಗ ನಡೆದದ್ದನ್ನು ನಾನು ನೋಡಿಲ್ಲ. ಆದರೂ ಭೇಟಿ ಕೋಣೆಯ ಮೂಲಕ, ಉದ್ದದ ಪಡಸಾಲೆಯ ಮೂಲಕ, ಪ್ರತಿಯೊಂದು ಬಾಗಿಲಿನಿಂದಲೇ ಹೋದ.

ಹಿಂದಿರುಗಿ ಬಂದವನು ಕರ್ಟಿಸ್ ಪಕ್ಕದಲ್ಲಿ, ಟೇಪಿನ ಹೊರಗೆ, ಕಷ್ಟಪಟ್ಟು ನೆಲದ ಮೇಲೆ ಕೂತ. ಮಾರ್ಲಿಸ್ ತಟ್ಟೆ ತಂದಳು. ಈ ಸಲ ಅವನು ಮೊದಲನೇ ಮಾತಿಗೇ ಎರಡು ತುಂಡು ತೆಗೆದುಕೊಂಡು, ಒಂದನ್ನು ಕರ್ಟಿಸ್‌ಗೆ ಕೊಟ್ಟ. ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ನನಗೆ ಪಾತ್ರೆ ತೊಳೆಯುವುದಿತ್ತು. ಒಮ್ಮೆ ಮಾತ್ರ ಆರ್ವಿಲ್ "ದೀಪ ಯಾವಾಗಲೂ ಉರೀತಾನೇ ಇರುತ್ತಾ?" ಎಂದದ್ದು ಕೇಳಿಸಿತು.

ಮಂಗಳವಾರದ ಸಭೆಗೆ ಕುರ್ಚಿ ಸಾಲದಷ್ಟು ಜನ. ಮಾರ್ಲಿಸ್ ಮತ್ತೆ ಕೈಚೀಲ ಅವುಚಿಕೊಂಡು ಕೂತಿದ್ದಳು. ನಾನು ಅವಳ ಕೈಹಿಡಿದುಕೊಂಡೆ, ಬೆರಳುಗಳು ತಣ್ಣಗಿದ್ದವು.

"ನನ್ನದೊಂದು ಸೂಚನೆ," ಎಂದ ಆರ್ವಿಲ್. "ಪೂರ್ವದ ಮೂಲೆಯ ಆ ಕೋಣೆಗೆ ಬಾಗಿಲು ಇಡಬೇಕು."

ಗೇಲನ್ ತಡವರಿಸಿದ. "ಆದ್ರೆ ಆರ್ವಿಲ್, ಆ ಕೋಣೆಗಳೇ ಬೇಡ, ಲಾರಿ ಶೆಡ್ ಮಾಡಿ ಅಂತ ನಿನ್ನ ಹಳೇ ಸೂಚನೆ ಇದೆಯಲ್ಲ. ಇಲ್ಲದ ಕೋಣೆಗೆ ಬಾಗಿಲು ಹೇಗಿಡೋದು?"

"ಅದು ನಿನ್ನ ತಲೆನೋವು. ಬಾಗಿಲಿಡ್ಬೇಕಾದ್ರೆ ಕೋಣೆ ಬೇಕಲ್ವಾ? ಮೊದಲು ಕೋಣೆ ಹಾಕ್ಕೋ."

"ಅಂದ್ರೆ ಮನಸ್ಸು ಬದಲಾಯಿಸಿದೀಯ?"

"ನಾನು ಮನಸ್ಸಿನ ಮಾತೇ ಆಡಿಲ್ಲ. ಬಾಗಿಲಿನ ಮಾತಾಡಿದೀನಿ." ಆರ್ವಿಲ್ ಮೇಜಿನ ಮೇಲಿನ ಪೆನ್ಸಿಲನ್ನು ಉರುಳಿಸಿದ. "ನಾಲ್ಕಕ್ಕೂ ಬಾಗಿಲು. ಕಿಟಕಿ ಹೇಗಿದೆಯೋ ಹಾಗೇ ಇರಲಿ. ದೀಪ ಒಳಗಿನಿಂದ ಆರಿಸೋ ಹಾಗಿರಲಿ. ಹೊರಗಡೆ ಒಂದು ಕುರ್ಚಿ ಹಿಡಿಸೋಷ್ಟು ಜಾಗ. ಮತ್ತೆ ಆ ಹೆಸರು ತೆಗೀರಿ, ಜನ ನಡವಳಿಕೆ ಅಂದ್ಕೋತಾರೆ."

ಅವನು ಕೆಮ್ಮಿದ. ಇಬ್ಬರು ಕರವಸ್ತ್ರ ತೆಗೆದರು. ಐದೂ ಕೈ ಎದ್ದವು. ಮಾರ್ಲಿಸ್ ಎದ್ದು ನಿಂತು ಧನ್ಯವಾದ ಹೇಳಲು ಶುರುಮಾಡಿದಳು. ಗೇಲನ್ ಗಂಟೆಯನ್ನು ತೆಗೆದು ಮೇಜಿನ ಖಾನೆಯೊಳಗೆ ಇಟ್ಟುಬಿಟ್ಟ.

ಟೇಪ್ ಕೀಳುವುದನ್ನು ಎಲ್ಲರೂ ಮರೆತರು. ಆಗಸ್ಟಿನ ಮೇಳದಲ್ಲಿ ಆರ್ವಿಲ್‌ನ ದೊಡ್ಡ ಹೆಣ್ಣು ಹಂದಿ ಪೂರ್ವದ ಕೋಣೆಯಲ್ಲೇ ಮಲಗಿತ್ತು. ನೋಡಲು ಬಂದವರು ಕರ್ಟಿಸ್ ಮಾಡಿದ ಬಾಗಿಲಿನಿಂದಲೇ ಒಳಗೆ ಹೋಗುತ್ತಿದ್ದರು.

ಕಟ್ಟಡ ಮುಗಿಯುವುದಕ್ಕೆ ಮುಂಚೆ, ಅಕ್ಟೋಬರಿನಲ್ಲಿ, ಕರ್ಟಿಸ್ ಮತ್ತೊಮ್ಮೆ ಹಸುಗಳಿಗೆ ಎಚ್ಚರಿಕೆ ಹೇಳಲು ಹೋದ. ಹಾಸಿಗೆ ಸಿಗುವವರೆಗೆ ಮತ್ತದೇ ನೆಲಮಾಳಿಗೆ. ಮಾರ್ಲಿಸ್ ಜೊತೆ ನಾನೂ ಕಂಬಳಿ ಕೊಡಲು ಹೋದೆ. ಕೆಳಗಿಳಿದರೆ, ಕಂಬಿಯ ಹೊರಗೆ ಮಡಚುವ ಕುರ್ಚಿಯಲ್ಲಿ ಆರ್ವಿಲ್ ಕೂತಿದ್ದ, ತೊಡೆಯ ಮೇಲೆ ಪದಬಂಧ, ಕಾಲ ಬಳಿ ಫ್ಲಾಸ್ಕು.

"ನಾಲ್ಕಕ್ಷರ. ಹಾಲು ಕೊಡುತ್ತೆ," ಎಂದು ಕೇಳುತ್ತಿದ್ದ.

"ಹಸು ಎರಡೇ ಅಕ್ಷರ," ಎಂದ ಕರ್ಟಿಸ್. ದನಿ ದಣಿದಿತ್ತು. ಆದರೆ ಮಾತಾಡುತ್ತಿದ್ದ.

"ಅದಕ್ಕೇ ನಿನ್ನ ಕೇಳ್ತಿರೋದು. ನಂಗೆ ಹಂದಿ ಬಿಟ್ಟು ಏನೂ ಗೊತ್ತಿಲ್ಲ." ಆರ್ವಿಲ್ ನಮ್ಮನ್ನು ನೋಡಿ ತಲೆಯಾಡಿಸಿದ. "ಬಾಗಿಲು ಬರೋಕೆ ಇನ್ನೊಂದು ಚಳಿಗಾಲ ಬೇಕಂತೆ, ಮಾರ್ಲಿಸ್."

"ಅಲ್ಲಿವರೆಗೂ ಇಲ್ಲೇ ಕೂತಿರ್ತೀರಾ?" ಎಂದು ಕರ್ಟಿಸ್ ಒಳಗಿನಿಂದ ಕೇಳಿದ.

"ಊಟದ ಹೊತ್ತಿಗೆ ಎದ್ದು ಹೋಗ್ತೀನಪ್ಪ. ನಂಗೇನು ಹುಚ್ಚಾ?"

ಬಾಯಿಂದ ಬಿದ್ದ ಮಾತು. ಆರ್ವಿಲ್‌ನ ಮುಖ ಕಿವಿಯವರೆಗೆ ಕೆಂಪಾಯಿತು. ಮಾರ್ಲಿಸ್ ಕಂಬಳಿಯನ್ನು ಬಿಗಿಯಾಗಿ ಹಿಡಿದಳು. ನಾನು ಸೋರುವ ಮಾಡಿನ ಕಡೆ ಪಾರಿವಾಳ ಹುಡುಕಿದೆ.

ಮೊದಲು ನಕ್ಕವನು ಕರ್ಟಿಸ್. ಕಂಬಿ ಹಿಡಿದುಕೊಂಡು, ಹೆಗಲು ಕುಲುಕಿಸುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.